ಕ್ವೆಂಚ್ ಆಯಿಲ್ ಕೂಲರ್: ಹೊಸದಕ್ಕೆ ಆರ್ಡರ್ ಕೊಡುವ ಮುಂಚೆ ಎಣ್ಣೆ ಬದಿ ನೋಡಿ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಘಟಕ ಇದೆ. ಗಂಟೆಗೊಂದು ಚಾರ್ಜ್ (ಒಮ್ಮೆಗೆ ಕಾಯಿಸುವ ಉಕ್ಕಿನ ಪಾರ್ಟುಗಳು), ಬಾಸ್ಕೆಟ್ ಸೇರಿ ಸುಮಾರು 400 ಕೆಜಿ, 850 ಡಿಗ್ರಿಯಿಂದ ಎಣ್ಣೆಗೆ ಇಳಿಸುತ್ತೇವೆ. ಟ್ಯಾಂಕಿನಲ್ಲಿ 4000 ಲೀಟರ್ ಕ್ವೆಂಚ್ ಆಯಿಲ್, ಅಂದರೆ ಬಿಸಿ ಉಕ್ಕನ್ನು ಮುಳುಗಿಸಿ ಗಡಸು ಮಾಡುವ ಎಣ್ಣೆ. ಅದನ್ನು ತಣ್ಣಗೆ ಮಾಡಲು 8 ಚದರ ಮೀಟರಿನ, ಹತ್ತು ವರ್ಷ ಹಳೆಯ ಷೆಲ್ ಅಂಡ್ ಟ್ಯೂಬ್ ಕೂಲರ್ ಇದೆ: ಒಂದು ದೊಡ್ಡ ಕೊಳವೆಯೊಳಗೆ (ಷೆಲ್) ಸಣ್ಣ ಟ್ಯೂಬುಗಳ ಕಟ್ಟು. ಟ್ಯೂಬುಗಳು ಮೈಲ್ಡ್ ಸ್ಟೀಲ್, ಎರಡೂ ತುದಿಯ ಟ್ಯೂಬ್‌ಶೀಟ್ (ಟ್ಯೂಬಿನ ತುದಿಗಳನ್ನು ಹಿಡಿಯುವ ತೂತಿನ ತಟ್ಟೆ) ಷೆಲ್ಲಿಗೇ ವೆಲ್ಡ್ ಆಗಿವೆ. ಟ್ಯೂಬ್ ಒಳಗೆ ಕೂಲಿಂಗ್ ಟವರ್ ನೀರು, ಷೆಲ್ಲಿನಲ್ಲಿ ಎಣ್ಣೆ. ಎಣ್ಣೆ ಪಂಪು ನಿಮಿಷಕ್ಕೆ 200 ಲೀಟರ್, ನೀರು 160 ಲೀಟರ್. ಎಣ್ಣೆ 70 ಡಿಗ್ರಿಯಲ್ಲಿ ಇರಬೇಕು, ಈಗ ಮೂರನೇ ಚಾರ್ಜಿಗೇ 80 ದಾಟುತ್ತದೆ. ಬೋರ್‌ವೆಲ್ ನೀರು ಗಡಸು, ಅದಕ್ಕೆ ಮೂರು ತಿಂಗಳಿಗೊಮ್ಮೆ ಆಸಿಡ್ ವಾಶ್ ಮಾಡಿಸುತ್ತೇವೆ. ಒಂದು ವಾರ ಪರವಾಗಿಲ್ಲ ಅನ್ನಿಸುತ್ತದೆ, ಮತ್ತೆ ಅದೇ ಕಥೆ. ಎರಡು ಟ್ಯೂಬ್ ಸೋರಿ ಪ್ಲಗ್ ಹೊಡೆದಿದ್ದೇವೆ. ಮೊನ್ನೆ ನೋಡಿದ ಲೆಕ್ಕ: ಎಣ್ಣೆ ಒಳಗೆ 82, ಹೊರಗೆ 78, ನೀರು ಒಳಗೆ 29, ಹೊರಗೆ 31. ಒಬ್ಬರು ದೊಡ್ಡ ಕೂಲರ್ ಹಾಕಿ ಅಂತಾರೆ, ಇನ್ನೊಬ್ಬರು ಪ್ಲೇಟ್ ಟೈಪ್ ತಗೊಳ್ಳಿ ಅಂತಾರೆ. ಯಾವುದು ಸರಿ?

ಉತ್ತರ:

ನಮಸ್ಕಾರ. ನಾಲ್ಕು ತಾಪಮಾನ ಬರೆದು ಕಳಿಸಿದ್ದಕ್ಕೆ ಮೊದಲು ಥ್ಯಾಂಕ್ಸ್. ಹತ್ತರಲ್ಲಿ ಒಂಬತ್ತು ಜನ "ಕೂಲರ್ ಕೆಲಸ ಮಾಡ್ತಿಲ್ಲ" ಅಂತ ಮಾತ್ರ ಬರೆಯುತ್ತಾರೆ. ನಿಮ್ಮ ಕಾಯಿಲೆ ಏನು ಅಂತ ಆ ನಾಲ್ಕು ಅಂಕಿಗಳೇ ಹೇಳುತ್ತಿವೆ. ಅದು ನೀರಿನ ಗಡಸುತನ ಅಲ್ಲ.

ಲೆಕ್ಕ ಹಾಕೋಣ. ಉಕ್ಕು 850ರಿಂದ 70ಕ್ಕೆ ಇಳಿಯುವಾಗ ಕೆಜಿಗೆ, ಡಿಗ್ರಿಗೆ ಸರಾಸರಿ 0.65 ಕಿಲೋಜೂಲ್ ಬಿಡುತ್ತದೆ ಅಂದುಕೊಳ್ಳಿ. 400 ಕೆಜಿಗೆ ಅದು ಎರಡು ಲಕ್ಷ ಕಿಲೋಜೂಲ್ ಚಿಲ್ಲರೆ. ಗಂಟೆಗೊಂದು ಚಾರ್ಜ್ ಅಂದರೆ ಸರಾಸರಿ 56 ಕಿಲೋವಾಟ್. ಕೂಲರ್ ಇಷ್ಟು ಶಾಖ ಹೊರಗೆ ಹಾಕಬೇಕು. ಹಾಕದಿದ್ದರೆ ಪ್ರತಿ ಚಾರ್ಜಿಗೆ ನಿಮ್ಮ 4000 ಲೀಟರ್ ಎಣ್ಣೆ ಸುಮಾರು 30 ಡಿಗ್ರಿ ಏರುತ್ತದೆ.

ಈಗ ಅದು ಹಾಕುತ್ತಿರುವುದೆಷ್ಟು? ಎಣ್ಣೆ ನಿಮಿಷಕ್ಕೆ 200 ಲೀಟರ್, ಇಳಿಕೆ 4 ಡಿಗ್ರಿ. ಸುಮಾರು 23 ಕಿಲೋವಾಟ್ ಆಯಿತು. ನೀರು 160 ಲೀಟರ್, ಏರಿಕೆ 2 ಡಿಗ್ರಿ. ಅದು 22 ಕಿಲೋವಾಟ್. ಎರಡೂ ತಾಳೆಯಾಗುತ್ತವೆ. ಹಾಗಾಗಿ ಎಣ್ಣೆಯ ಹರಿವೂ ಸರಿ ಇದೆ, ನೀರಿನ ಹರಿವೂ ಸರಿ ಇದೆ. ಟವರ್ 29 ಡಿಗ್ರಿ ನೀರು ಕೊಡುತ್ತಿದೆ, ಅದರ ಮೇಲೂ ದೂರು ಹೇಳುವಂತಿಲ್ಲ. ಎಣ್ಣೆಗೂ ನೀರಿಗೂ ನಡುವೆ 50 ಡಿಗ್ರಿ ಅಂತರ ಇದ್ದರೂ ಶಾಖ ದಾಟುತ್ತಿಲ್ಲ. ನಡುವೆ ಏನೋ ಅಡ್ಡ ಕೂತಿದೆ.

ಎಷ್ಟು ದಪ್ಪ ಅಡ್ಡ? ನಿಮ್ಮ 8 ಚದರ ಮೀಟರಿಗೆ ಹಂಚಿದರೆ, ಚದರ ಮೀಟರಿಗೆ ಡಿಗ್ರಿಗೆ 58 ವಾಟ್ ಮಾತ್ರ ದಾಟುತ್ತಿದೆ. ಇಂಥ ಆಯಿಲ್ ಕೂಲರ್ ಹೊಸದಿದ್ದಾಗ 250ರ ಆಸುಪಾಸು ಇರುತ್ತದೆ. ಸುಣ್ಣದ ಪೊರೆಯೊಂದರಿಂದಲೇ 250 ಇದ್ದದ್ದು 58ಕ್ಕೆ ಬೀಳಬೇಕಾದರೆ ಆ ಪೊರೆ 29 ಮಿಲಿಮೀಟರ್ ದಪ್ಪ ಇರಬೇಕು. ಇಂಥ ಕೂಲರಿನ ಟ್ಯೂಬಿನ ಒಳಗಿನ ವ್ಯಾಸವೇ 16 ಮಿಲಿಮೀಟರಿನಷ್ಟು! ಅರ್ಧ ಮಿಲಿಮೀಟರ್ ಸುಣ್ಣ ಕಟ್ಟಿದರೂ ಇಂಥ ಕೂಲರಿನಲ್ಲಿ ಕಳೆದುಕೊಳ್ಳುವುದು ಶೇಕಡಾ 5–6 ಮಾತ್ರ. ಯಾಕೆಂದರೆ ಇಲ್ಲಿ ಶಾಖಕ್ಕೆ ಮೊದಲಿಂದಲೂ ದೊಡ್ಡ ತಡೆ ಎಣ್ಣೆಯೇ. ನೀರು-ನೀರಿನ ಕೂಲರ್ ಆಗಿದ್ದರೆ ಅದೇ ಅರ್ಧ ಮಿಲಿಮೀಟರ್ ಭಾರೀ ಹೊಡೆತ ಕೊಡುತ್ತಿತ್ತು. ಸ್ಕೇಲ್ (ಸುಣ್ಣದ ಪೊರೆ) ಬಗ್ಗೆ ನಾವೆಲ್ಲ ಕೇಳಿ ಬೆಳೆದ ಭಯ ಬಂದಿದ್ದು ಬಾಯ್ಲರಿನಿಂದ, ಚಿಲ್ಲರಿನಿಂದ. ಅದನ್ನು ಆಯಿಲ್ ಕೂಲರಿಗೆ ಹಾಗೇ ತಂದು ಹಚ್ಚಬಾರದು.

ಎಣ್ಣೆ ಬದಿಯ ಜಿಡ್ಡಿನ ಲೆಕ್ಕ ಬೇರೆ. ಆಕ್ಸಿಡೈಸ್ ಆದ ಎಣ್ಣೆ, ಮಸಿ, ಬಿಸಿ ಕಬ್ಬಿಣದಿಂದ ಉದುರಿದ ಪುಡಿ ಎಲ್ಲ ಸೇರಿ ಟ್ಯೂಬಿನ ಹೊರಮೈಗೆ ಅಂಟುವ ಕಪ್ಪು ಪದರ ಅದು. ಅದರಲ್ಲಿ ಶಾಖ ಹರಿಯುವುದು ಸುಣ್ಣದ ಪೊರೆಗಿಂತ ಹದಿನೈದು ಪಟ್ಟು ಕಷ್ಟ. ನಿಮ್ಮ ಅಂಕಿಗೆ ಸುಮಾರು ಎರಡು ಮಿಲಿಮೀಟರ್ ಜಿಡ್ಡು ಸಾಕು. ಹತ್ತು ವರ್ಷ ತೆರೆಯದ ಷೆಲ್ಲಿನಲ್ಲಿ ಅಷ್ಟು ಇಲ್ಲದಿದ್ದರೇ ಆಶ್ಚರ್ಯ.

ಒಂದು ಎಚ್ಚರಿಕೆ. 2 ಡಿಗ್ರಿ, 4 ಡಿಗ್ರಿ ವ್ಯತ್ಯಾಸವನ್ನು ಡಯಲ್ ಗೇಜಿನಲ್ಲಿ ಓದಿದ್ದರೆ ತಪ್ಪು ಬಹಳ ದೊಡ್ಡದಿರಬಹುದು. ಒಂದು ಡಿಗ್ರಿ ಆಚೀಚೆ ಆದರೆ ಲೆಕ್ಕ ಅರ್ಧಕ್ಕರ್ಧ ತಪ್ಪುತ್ತದೆ. ಒಂದೇ ಥರ್ಮಾಮೀಟರ್ ಅಥವಾ ಒಂದೇ ಪ್ರೋಬ್ ಇಟ್ಟುಕೊಂಡು ನಾಲ್ಕೂ ಕಡೆ ನೋಡಿ. ಪೈಪಿನ ಮೇಲಿನ ಪೇಂಟ್ ಕೆರೆದು, ಪ್ರೋಬ್ ಒತ್ತಿ, ಮೇಲೆ ಬಟ್ಟೆ ಸುತ್ತಿ ಐದು ನಿಮಿಷ ಬಿಡಿ. ನೀರು ಒಳಗೆ 29, ಹೊರಗೆ 45 ಅಂತ ಬಂದಿದ್ದರೆ ನನ್ನ ಉತ್ತರವೇ ಬೇರೆ ಆಗುತ್ತಿತ್ತು. ಆಗ ನೀರು ಕಡಿಮೆ ಬರುತ್ತಿದೆ ಅಂತ ಅರ್ಥ: ಸ್ಟ್ರೈನರ್ ಕಟ್ಟಿದೆ, ಪಂಪು ಸವೆದಿದೆ, ಇಲ್ಲವೇ ಟ್ಯೂಬುಗಳೇ ಮುಚ್ಚಿವೆ. ಎಣ್ಣೆ ಲೆಕ್ಕ ಜಾಸ್ತಿ, ನೀರಿನ ಲೆಕ್ಕ ಕಡಿಮೆ ಬಂದರೆ ಬೈಪಾಸ್ ವಾಲ್ವ್ (ಎಣ್ಣೆಯನ್ನು ಕೂಲರಿಗೆ ಬಿಡದೆ ಪಕ್ಕದಿಂದ ಸಾಗಿಸುವುದು) ಪೂರ್ತಿ ಮುಚ್ಚಿಲ್ಲವೋ ಏನೋ ನೋಡಬೇಕು.

ಆಸಿಡ್ ವಾಶ್ ಬಗ್ಗೆ

ಮೂರು ತಿಂಗಳಿಗೊಮ್ಮೆ ಆಸಿಡ್ ಹಾಕಿದರೂ ಉಪಯೋಗ ಆಗದಿರುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ನೀವು ತೊಳೆಯುತ್ತಿರುವುದು ಸರಿ ಇರುವ ಬದಿಯನ್ನು. ಮೊದಲ ವಾರ ಪರವಾಗಿಲ್ಲ ಅನ್ನಿಸುವುದಕ್ಕೆ ಆಸಿಡ್ಡಿಗಿಂತ, ತೊಳೆಯಲು ಒಂದು ದಿನ ಕೆಲಸ ನಿಲ್ಲಿಸಿದ್ದೇ ಕಾರಣ ಇರಬಹುದು. ಟ್ಯಾಂಕು ತಾನಾಗಿಯೇ ತಣಿದಿರುತ್ತದೆ.

ಜೊತೆಗೆ, ನಿಮ್ಮ ಟ್ಯೂಬು ಮೈಲ್ಡ್ ಸ್ಟೀಲ್. ಕರಗಿಸಲು ಸುಣ್ಣ ಸಿಗದಿದ್ದರೆ ಆಸಿಡ್ ಕಬ್ಬಿಣವನ್ನೇ ತಿನ್ನುತ್ತದೆ. ಇನ್ಹಿಬಿಟರ್ (ಆಸಿಡ್ ಲೋಹ ತಿನ್ನದಂತೆ ತಡೆಯುವ ರಾಸಾಯನಿಕ) ಸರಿಯಾಗಿ ಬೆರೆಸದ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ರಾತ್ರಿಯಿಡೀ ಬಿಟ್ಟು ಹೋಗುವ ಗುತ್ತಿಗೆದಾರರು ಇದ್ದಾರೆ. ನಿಮ್ಮ ಎರಡು ಟ್ಯೂಬ್ ಸೋರಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತಲೇ ನನ್ನ ಅನುಮಾನ. ನೀರಿನ ಬದಿಯ ಮುಚ್ಚಳ ತೆಗೆದು, ಟಾರ್ಚ್ ಹಾಕಿ ಟ್ಯೂಬುಗಳೊಳಗೆ ನೋಡಿ. ಬಿಳಿ ಪೊರೆ ಕಂಡರೆ ಮೊದಲು ನೈಲಾನ್ ಬ್ರಶ್, ನಂತರ ಹೈ ಪ್ರೆಷರ್ ಜೆಟ್. ಅದಕ್ಕೂ ಬಗ್ಗದಿದ್ದರೆ ಮಾತ್ರ ಆಸಿಡ್. ಅದೂ ಸಲ್ಫಾಮಿಕ್ ಇರಲಿ. ಗುಳ್ಳೆ ನಿಂತ ಕೂಡಲೇ ನಿಲ್ಲಿಸಬೇಕು, ಸೋಡಾ ಆಶ್ ನೀರಿನಲ್ಲಿ ತೊಳೆಯಬೇಕು. ಗುಳ್ಳೆಯಲ್ಲಿ ಬರುವುದು ಕಾರ್ಬನ್ ಡೈಆಕ್ಸೈಡ್, ಹೊರಗೆ ಹೋಗಲು ವೆಂಟ್ ತೆರೆದಿರಲಿ. ಮುಂದೆ ಸ್ಟೇನ್‌ಲೆಸ್ ಟ್ಯೂಬ್ ಹಾಕಿದರೆ ಹೈಡ್ರೋಕ್ಲೋರಿಕ್ ಅದರ ಹತ್ತಿರವೂ ಸುಳಿಯಬಾರದು.

ನೀರು ಎಣ್ಣೆಗೆ ಸೇರಿದರೆ

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು 82 ಡಿಗ್ರಿ ಅಲ್ಲ, "ಎರಡು ಟ್ಯೂಬ್ ಸೋರಿ" ಅನ್ನುವ ಮಾತು. ಬೇರೆ ಕಾರ್ಖಾನೆಯಲ್ಲಿ ಆಯಿಲ್ ಕೂಲರ್ ಸೋರಿದರೆ ಎಣ್ಣೆ ಹಾಳಾಗುತ್ತದೆ, ಬೇರಿಂಗ್ ಹೋಗುತ್ತದೆ. ಕ್ವೆಂಚ್ ಟ್ಯಾಂಕಿನಲ್ಲಿ ಸೋರಿದರೆ ಬೆಂಕಿ ಬೀಳಬಹುದು. ನೀರು ಎಣ್ಣೆಗಿಂತ ಭಾರ, ಟ್ಯಾಂಕಿನ ತಳದಲ್ಲಿ ಸುಮ್ನೆ ಕೂತಿರುತ್ತದೆ. 850 ಡಿಗ್ರಿಯ ಚಾರ್ಜ್ ಇಳಿದಾಗ ಆ ನೀರು ಒಮ್ಮೆಲೇ ಆವಿಯಾಗುತ್ತದೆ. ಒಂದು ಲೀಟರ್ ನೀರು 1600 ಲೀಟರಿಗೂ ಜಾಸ್ತಿ ಆವಿ. ಎಣ್ಣೆ ನೊರೆಯೆದ್ದು ಟ್ಯಾಂಕಿನಿಂದ ಉಕ್ಕುತ್ತದೆ, ಫರ್ನೇಸ್ ಬಾಗಿಲಲ್ಲಿ ಹೊತ್ತಿಕೊಳ್ಳುತ್ತದೆ. ಎಣ್ಣೆಯಲ್ಲಿ ನೀರು ಶೇಕಡಾ 0.1 ದಾಟಿದರೆ ಕೆಲಸ ನಿಲ್ಲಿಸಬೇಕು ಅನ್ನುವುದು ಈ ಉದ್ಯಮದಲ್ಲಿ ಸಾಮಾನ್ಯವಾಗಿ ಪಾಲಿಸುವ ಮಿತಿ. ನಿಮ್ಮ ಟ್ಯಾಂಕಿಗೆ ಅದು ನಾಲ್ಕು ಲೀಟರ್, ಅರ್ಧ ಬಕೆಟ್ಟೂ ಅಲ್ಲ. ಅದಕ್ಕಿಂತ ಕಡಿಮೆ ಇದ್ದಾಗಲೇ ಪಾರ್ಟುಗಳಲ್ಲಿ ಬಿರುಕು, ಅಲ್ಲಲ್ಲಿ ಮೆತ್ತನೆ ಜಾಗ ಕಾಣಿಸಿಕೊಳ್ಳಬಹುದು. ಇತ್ತೀಚೆಗೆ ರಿಜೆಕ್ಷನ್ ಜಾಸ್ತಿ ಆಗಿದ್ದರೆ ಅದನ್ನೂ ಇದರ ಜೊತೆಗಿಟ್ಟು ನೋಡಿ.

ಹಾಗಾಗಿ ಇವತ್ತೇ ಮಾಡಬೇಕಾದ ಕೆಲಸ: ರಾತ್ರಿ ಪಂಪು ನಿಲ್ಲಿಸಿ, ಬೆಳಿಗ್ಗೆ ಟ್ಯಾಂಕಿನ ತಳದ ಡ್ರೇನಿನಿಂದ ಒಂದು ಗ್ಲಾಸ್ ಎಣ್ಣೆ ಹಿಡಿಯಿರಿ. ಬಿಸಿ ಹಾಟ್ ಪ್ಲೇಟ್ ಮೇಲೆ ಎರಡು ಹನಿ ಬಿಡಿ, ಮುಖ ದೂರ ಇಟ್ಟುಕೊಂಡು. ಚಟಪಟ ಸದ್ದು ಬಂದರೆ ನೀರಿದೆ, ಕ್ವೆಂಚಿಂಗ್ ನಿಲ್ಲಿಸಿ. ಸದ್ದು ಬರದಿದ್ದರೂ ಒಂದು ಸ್ಯಾಂಪಲ್ ಲ್ಯಾಬಿಗೆ ಕಳಿಸಿ, ಎಣ್ಣೆಯಲ್ಲಿ ನೀರೆಷ್ಟಿದೆ ಅಂತ ಅಳೆಯುವ ಕಾರ್ಲ್ ಫಿಷರ್ ಟೆಸ್ಟ್ ಮಾಡಿಸಿ.

ಸೋರಿಕೆ ಪತ್ತೆಗೆ ಸುಲಭದ ದಾರಿ ಇದೆ. ನೀರು ಖಾಲಿ ಮಾಡಿ ಎರಡೂ ತುದಿಯ ಮುಚ್ಚಳ ತೆಗೆಯಿರಿ. ಟ್ಯೂಬಿನ ಬಾಯಿಗಳನ್ನೆಲ್ಲ ಒರೆಸಿ ಒಣಗಿಸಿ, ಎಣ್ಣೆ ಪಂಪು ಓಡಿಸಿ. ಯಾವ ಬಾಯಲ್ಲಿ ಎಣ್ಣೆ ಜಿನುಗುತ್ತದೋ ಆ ಟ್ಯೂಬ್ ತೂತಾಗಿದೆ. ಟ್ಯೂಬಿನ ಸುತ್ತ, ಟ್ಯೂಬ್‌ಶೀಟ್ ಸಂದಿನಲ್ಲಿ ಜಿನುಗಿದರೆ ಜಾಯಿಂಟ್ ಸಡಿಲ. ಅದನ್ನು ಮತ್ತೆ ಎಕ್ಸ್‌ಪಾಂಡ್ ಮಾಡಬಹುದು. ಪ್ಲಗ್ ಹೊಡೆಯುವಾಗ ಆ ಟ್ಯೂಬಿಗೆ ಒಳಗಿಂದ ಒಂದು ತೂತು ಕೊರೆದು ಆಮೇಲೆ ಎರಡೂ ಕಡೆ ಹೊಡೆಯಬೇಕು. ಇಲ್ಲದಿದ್ದರೆ ಒಳಗೆ ಸಿಕ್ಕಿಕೊಂಡ ನೀರು ಕಾದು ಒತ್ತಡ ಏರುತ್ತದೆ, ಒಂದು ದಿನ ಪ್ಲಗ್ ಹಾರುತ್ತದೆ. ಶೇಕಡಾ 10ರಷ್ಟು ಟ್ಯೂಬ್ ಮುಚ್ಚಿದರೂ ಶಾಖದ ದೃಷ್ಟಿಯಿಂದ ನಡೆಯುತ್ತದೆ ಅನ್ನುವುದು ರೂಢಿ. ಆದರೆ ಕ್ವೆಂಚ್ ಎಣ್ಣೆಯ ಕೂಲರಿಗೆ ನಾನು ಆ ರಿಯಾಯಿತಿ ಕೊಡುವುದಿಲ್ಲ. ಮೂರನೆಯದು ಸೋರಿದರೆ ಕೂಲರ್ ಬದಲಾಯಿಸಿ.

ಇನ್ನೊಂದು ವಿಷಯ ಒತ್ತಡದ್ದು. ಎಣ್ಣೆಯ ಒತ್ತಡ ಯಾವಾಗಲೂ ನೀರಿನ ಒತ್ತಡಕ್ಕಿಂತ ಜಾಸ್ತಿ ಇರಬೇಕು. ಆಗ ತೂತಾದರೂ ಎಣ್ಣೆ ನೀರಿಗೆ ಹೋಗುತ್ತದೆ, ಟವರಿನ ತೊಟ್ಟಿಯಲ್ಲಿ ತೇಲಿ ಕಣ್ಣಿಗೆ ಬೀಳುತ್ತದೆ. ಪಂಪು ಓಡುವಾಗ ಇದು ಸರಿಯೇ ಇರಬಹುದು. ತೊಂದರೆ ಇರುವುದು ನಿಲ್ಲಿಸಿದಾಗ. ಟವರ್ ಶೆಡ್ಡಿನ ಮೇಲೆ 10 ಮೀಟರ್ ಎತ್ತರದಲ್ಲಿದ್ದರೆ, ಎರಡೂ ಪಂಪು ನಿಂತ ಮೇಲೂ ಟ್ಯೂಬಿನ ಮೇಲೆ ಸುಮಾರು ಒಂದು ಬಾರ್ ನೀರಿನ ಒತ್ತಡ ಕೂತೇ ಇರುತ್ತದೆ. ಭಾನುವಾರ ಇಡೀ ದಿನ ನೀರು ತೂತಿನಿಂದ ಎಣ್ಣೆಗೆ ಇಳಿಯುತ್ತಿರುತ್ತದೆ. ಸೋಮವಾರ ಬೆಳಿಗ್ಗೆಯ ಮೊದಲ ಚಾರ್ಜ್ ಅಪಾಯದ್ದು ಅನ್ನುವುದು ಇದಕ್ಕೇ.

ಹೀಟ್ ಎಕ್ಸ್‌ಚೇಂಜರ್ ಶುರು ಮಾಡುವಾಗ ಮೊದಲು ತಣ್ಣನೆಯದು, ಆಮೇಲೆ ಬಿಸಿಯದು ಬಿಡಬೇಕು ಅಂತ ಎಲ್ಲ ಮ್ಯಾನ್ಯುಯಲ್ಲಿನಲ್ಲೂ ಇರುತ್ತದೆ. ಟ್ಯೂಬು ಮತ್ತು ಷೆಲ್ ಬೇರೆ ಬೇರೆ ಹಿಗ್ಗಿ ಜಾಯಿಂಟ್ ಎಳೆಯದಿರಲಿ ಅಂತ. 200 ಡಿಗ್ರಿಯ ದ್ರವಕ್ಕೆ ಅದು ಸರಿ. ನಿಮ್ಮ 70 ಡಿಗ್ರಿಯ ಎಣ್ಣೆಗೆ ಹಿಗ್ಗುವಿಕೆ ಅಷ್ಟೇನೂ ಇಲ್ಲ, ಸೋರಿಕೆಯ ಅಪಾಯವೇ ದೊಡ್ಡದು. ಹಾಗಾಗಿ ನೀವು ತಿರುಗಿಸಿ ಮಾಡಿ: ಶುರು ಮಾಡುವಾಗ ಮೊದಲು ಎಣ್ಣೆ ಪಂಪು, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರಿನ ವಾಲ್ವ್ ಮುಚ್ಚಿ, ಟ್ಯೂಬಿನ ನೀರು ಡ್ರೇನ್ ಮಾಡಿ, ಕೊನೆಗೆ ಎಣ್ಣೆ ಪಂಪು. ನೀರಿನ ಎರಡೂ ವಾಲ್ವ್ ಮುಚ್ಚಿ ನೀರು ಒಳಗೇ ಬಿಡಬೇಡಿ. ಕಾದರೆ ಹೋಗಲು ದಾರಿ ಇರುವುದಿಲ್ಲ. ನೀರಿನ ಬದಿಗೆ ಒಂದು ಸಣ್ಣ ರಿಲೀಫ್ ವಾಲ್ವ್ ಇರಲೇಬೇಕು.

ಇರುವುದನ್ನು ತೊಳೆಯುವುದು

ನಿಮ್ಮ ಬಂಡಲ್ (ಟ್ಯೂಬುಗಳ ಕಟ್ಟು) ಹೊರಗೆ ಬರುವುದಿಲ್ಲ. ಷೆಲ್ ಒಳಗೆ ಬ್ರಶ್ಶೂ ಹೋಗದು, ಜೆಟ್ಟೂ ಹೋಗದು. ದ್ರವ ಸುತ್ತಿಸಿ ತೊಳೆಯುವುದೊಂದೇ ದಾರಿ. ಕೂಲರನ್ನು ಟ್ಯಾಂಕಿನಿಂದ ಬೇರ್ಪಡಿಸಿ, ಒಂದು 200 ಲೀಟರ್ ಡ್ರಮ್ಮು, ಒಂದು ಸಣ್ಣ ಪಂಪು ಕಟ್ಟಿ. ಮೊದಲು ಎಣ್ಣೆ ಆಧಾರಿತ ಸಿಸ್ಟಮ್ ಕ್ಲೀನರ್ ಬಳಸಿ, 60–70 ಡಿಗ್ರಿಗೆ ಬಿಸಿ ಮಾಡಿ, ಎಣ್ಣೆ ಮಾಮೂಲಿ ಹರಿಯುವ ದಿಕ್ಕಿಗೆ ಉಲ್ಟಾ ಸುತ್ತಿಸಿ. ಕ್ಷಾರದ ಡಿಟರ್ಜೆಂಟ್ ನೀರು ಇನ್ನೂ ಚೆನ್ನಾಗಿ ಕರಗಿಸುತ್ತದೆ ನಿಜ. ಆದರೆ ಷೆಲ್ಲಿನ ಮೂಲೆಯಲ್ಲಿ, ಬ್ಯಾಫಲ್ಲಿನ (ಎಣ್ಣೆಯನ್ನು ತಿರುಗಿಸುವ ಅಡ್ಡ ತಟ್ಟೆ) ಹಿಂದೆ ಉಳಿದ ನೀರು ನೇರವಾಗಿ ನಿಮ್ಮ ಕ್ವೆಂಚ್ ಟ್ಯಾಂಕಿಗೇ ಹೋಗುತ್ತದೆ. ಅದನ್ನೇ ಬಳಸಬೇಕಾಗಿ ಬಂದರೆ ಬಿಸಿ ಗಾಳಿ ಊದಿ ಪೂರ್ತಿ ಒಣಗಿಸಿ. ಆಮೇಲೆ ಹೊಸ ಎಣ್ಣೆ ಹಾಕಿ ಡ್ರಮ್ಮಿಗೇ ಸುತ್ತಿಸಿ ಪರೀಕ್ಷೆ ಮಾಡಿ. ಆ ಎಣ್ಣೆ ವಾಪಸ್ ಟ್ಯಾಂಕಿಗೆ ಬೇಡ.

ಹತ್ತು ವರ್ಷದ ಜಿಡ್ಡು ಸುಟ್ಟು ವಾರ್ನಿಷ್ ಆಗಿರುತ್ತದೆ, ಪೂರ್ತಿ ಬರುವುದಿಲ್ಲ. 58 ಇದ್ದದ್ದು 120–150ಕ್ಕೆ ಬಂದರೆ ಖುಷಿಪಡಿ. ಅಷ್ಟರಲ್ಲಿ ಹೊಸ ಕೂಲರ್ ಬರುವವರೆಗೆ ದೂಡಬಹುದು. ಜೊತೆಗೆ ಟ್ಯಾಂಕಿನ ಎಣ್ಣೆಯ ಆಸಿಡ್ ನಂಬರ್, ವಿಸ್ಕಾಸಿಟಿ ಪರೀಕ್ಷೆ ಮಾಡಿಸಿ. ಎಣ್ಣೆ ಕೊಡುವವರೇ ಸಾಮಾನ್ಯವಾಗಿ ಮಾಡಿಕೊಡುತ್ತಾರೆ. ಇದೊಂದು ಸುಳಿ. ಕೂಲರಿಗೆ ಜಿಡ್ಡು ಕಟ್ಟಿದರೆ ಎಣ್ಣೆ ಬಿಸಿಯಾಗುತ್ತದೆ. ಪ್ರತಿ 10 ಡಿಗ್ರಿಗೆ ಎಣ್ಣೆ ಹಾಳಾಗುವ ವೇಗ ಸುಮಾರು ಎರಡು ಪಟ್ಟು. ಹಾಳಾದ ಎಣ್ಣೆ ಇನ್ನಷ್ಟು ಜಿಡ್ಡು ಬಿಡುತ್ತದೆ. ಆ ಜಿಡ್ಡು ಹೋಗಿ ಕೂರುವುದು ಕೂಲರಿನ ಟ್ಯೂಬಿನ ಮೇಲೇ. ಯಾಕೆಂದರೆ ಇಡೀ ಎಣ್ಣೆ ಲೈನಿನಲ್ಲಿ ಅತಿ ತಣ್ಣನೆಯ ಜಾಗ ಅದು. ಟ್ಯೂಬಿನ ಮೈ ನೀರಿಗಿಂತ ನಾಲ್ಕೈದು ಡಿಗ್ರಿ ಮಾತ್ರ ಜಾಸ್ತಿ ಬಿಸಿ ಇರುತ್ತದೆ. ಹಳೇ ಎಣ್ಣೆಯನ್ನು ಹಾಗೇ ಇಟ್ಟು ಹೊಸ ಕೂಲರ್ ಹಾಕಿದರೆ ಕೆಲವೇ ತಿಂಗಳಲ್ಲಿ ಇದೇ ಪತ್ರ ಮತ್ತೆ ಬರೆಯುತ್ತೀರಿ. ಕೂಲರಿಗೆ ಮುಂಚೆ ಒಂದು ಬ್ಯಾಗ್ ಫಿಲ್ಟರ್ ಹಾಕಿ, 50–100 ಮೈಕ್ರಾನ್. ಖರ್ಚು ಮಾಡುವುದಿದ್ದರೆ ಮೊದಲು ಇದಕ್ಕೆ ಮಾಡಿ.

ಹೊಸದು ಯಾವುದು

ದೊಡ್ಡದು ಹಾಕಿದರೆ ಸರಿಹೋಗುತ್ತದೆ ಅನ್ನುವವರ ಮಾತು ಅರ್ಧ ಮಾತ್ರ ನಿಜ. ದೊಡ್ಡ ಕೂಲರ್ ಅಂದರೆ ಜಾಸ್ತಿ ಟ್ಯೂಬು. ಅದೇ ನೀರು ಜಾಸ್ತಿ ಟ್ಯೂಬುಗಳಿಗೆ ಹಂಚಿಹೋದರೆ ಪ್ರತಿಯೊಂದರಲ್ಲೂ ವೇಗ ಕಡಿಮೆ. ಟ್ಯೂಬಿನಲ್ಲಿ ನೀರು ಸೆಕೆಂಡಿಗೆ ಒಂದು ಮೀಟರಿಗಿಂತ ನಿಧಾನ ಹರಿದರೆ ಟವರಿನ ಧೂಳು, ಕೆಸರು ತಳಕ್ಕೆ ಕೂರುತ್ತದೆ, ಅದರ ಅಡಿಯಲ್ಲಿ ಲೋಹ ಕೊರೆಯುತ್ತದೆ. ಒಂದೂವರೆ ಮೀಟರ್ ಉದ್ದದ ನೂರು ಟ್ಯೂಬಿನ ಎರಡು ಪಾಸ್ (ನೀರು ಅರ್ಧ ಟ್ಯೂಬುಗಳಲ್ಲಿ ಹೋಗಿ ಉಳಿದರ್ಧದಲ್ಲಿ ವಾಪಸ್ ಬರುವ) ಕೂಲರಿಗೆ ನಿಮ್ಮ 160 ಲೀಟರ್ ಬಿಟ್ಟರೆ ವೇಗ 0.27 ಮೀಟರ್. ಅದು ಕೂಲರ್ ಅಲ್ಲ, ಸೆಟ್ಲಿಂಗ್ ಟ್ಯಾಂಕು.

ನಿಮ್ಮ ಕೆಲಸಕ್ಕೆ ನಾನು ಹಾಕುವ ಲೆಕ್ಕ ಹೀಗಿದೆ. ಎಣ್ಣೆ 70ರಿಂದ 60ಕ್ಕೆ, ನೀರು ಬೇಸಿಗೆಯಲ್ಲಿ 32 ಡಿಗ್ರಿಗೆ ಬರುತ್ತದೆ ಅಂತ ಹಿಡಿಯಿರಿ. ಸ್ವಲ್ಪ ಕೊಳೆ ಆದ ಮೇಲೂ ಚದರ ಮೀಟರಿಗೆ ಡಿಗ್ರಿಗೆ 200 ವಾಟ್ ಸಿಗುತ್ತದೆ ಅಂದುಕೊಂಡರೆ 9 ಚದರ ಮೀಟರ್ ಬೇಕು. ಹತ್ತರ ಹತ್ತಿರ ಇರಲಿ. 19 ಮಿಲಿಮೀಟರ್ ಹೊರವ್ಯಾಸ, 1.65 ಮಿಲಿಮೀಟರ್ ದಪ್ಪದ ಟ್ಯೂಬು, 3 ಮೀಟರ್ ಉದ್ದ, 55 ಟ್ಯೂಬು, ಎರಡು ಪಾಸ್. ನೀರನ್ನು 320 ಲೀಟರಿಗೆ ಏರಿಸಿ. ಆಗ ವೇಗ ಸರಿಯಾಗಿ ಒಂದು ಮೀಟರ್ ಬರುತ್ತದೆ, ನೀರು ಎರಡೂವರೆ ಡಿಗ್ರಿ ಮಾತ್ರ ಬಿಸಿಯಾಗುತ್ತದೆ. ಅದೇ ನೀರು ಟವರಿಗೆ ಹೋಗಿ ಸುತ್ತಿ ಬರುವುದರಿಂದ ಆವಿಯಾಗಿ ಹೋಗುವುದು ಗಂಟೆಗೆ 80–85 ಲೀಟರ್ ಮಾತ್ರ, ಹರಿವು ಎಷ್ಟಿದ್ದರೂ. ಇದು ನನ್ನ ಅಂದಾಜು. ತಯಾರಕರು ನಿಮ್ಮ ಎಣ್ಣೆಯ ವಿಸ್ಕಾಸಿಟಿ ಕೇಳಿ, ಡಿಸೈನ್ ಶೀಟ್ ಕೊಡಬೇಕು. ಕೇಳದೇ ರೇಟ್ ಹೇಳುವವರನ್ನು ಬಿಟ್ಟುಬಿಡಿ.

ಏರಿಯಾಕ್ಕಿಂತ ಮುಖ್ಯ, ಅದು ಹೇಗೆ ತೆರೆದುಕೊಳ್ಳುತ್ತದೆ ಅನ್ನುವುದು. ಷೆಲ್ ಅಂಡ್ ಟ್ಯೂಬ್ ಎಕ್ಸ್‌ಚೇಂಜರುಗಳಿಗೆ ಟೆಮಾ ಅನ್ನುವ ಅಮೆರಿಕದ ತಯಾರಕರ ಸಂಘದ ನಿಯಮಗಳೇ ಜಗತ್ತಿನಾದ್ಯಂತ ನಡೆಯುತ್ತವೆ. ಅದರಲ್ಲಿ ಮೂರು ಅಕ್ಷರದಲ್ಲಿ ವಿನ್ಯಾಸ ಹೇಳುತ್ತಾರೆ: ಮುಂದಿನ ತಲೆ, ಷೆಲ್, ಹಿಂದಿನ ತಲೆ. ನಿಮ್ಮ ಹತ್ತಿರ ಇರುವುದು ಬಿ-ಇ-ಎಂ ಥರದ್ದು, ಎರಡೂ ಟ್ಯೂಬ್‌ಶೀಟ್ ಫಿಕ್ಸ್. ಎಲ್ಲಕ್ಕಿಂತ ಅಗ್ಗ. ಷೆಲ್ಲಿನಲ್ಲಿ ಶುದ್ಧವಾದ ದ್ರವ ಇದ್ದರೆ ಒಳ್ಳೆಯದೇ. ಜಿಡ್ಡು ಕಟ್ಟುವ ಎಣ್ಣೆಗೆ ಅಲ್ಲ. ಯು-ಟ್ಯೂಬಿನದ್ದು ಬಂಡಲ್ ಹೊರಗೆ ಬರುತ್ತದೆ, ಆದರೆ ಬಾಗಿದ ಕಡೆ ಬ್ರಶ್ ಹೋಗದು. ಗಡಸು ನೀರಿಗೆ ಬೇಡ. ರಿಫೈನರಿಗಳಲ್ಲಿ ಬಳಸುವ ಎ-ಇ-ಎಸ್ ಫ್ಲೋಟಿಂಗ್ ಹೆಡ್ ಬಹಳ ಚೆನ್ನಾಗಿರುತ್ತದೆ, ನಿಮ್ಮ ಗಾತ್ರಕ್ಕೆ ದುಬಾರಿ.

ನೀರಿನ ಕೂಲರುಗಳಲ್ಲಿ ನಿಮಗೆ ಹೇಳಿ ಮಾಡಿಸಿದ್ದು ಎ-ಇ-ಡಬ್ಲ್ಯು. ಬಂಡಲ್ ಇಡಿಯಾಗಿ ಎಳೆಯಬಹುದು. ಮುಂದಿನ ಮುಚ್ಚಳ ಬಿಚ್ಚಿದರೆ ಪೈಪ್ ಕಳಚದೇ ಟ್ಯೂಬಿಗೆ ಬ್ರಶ್ ಹಾಕಬಹುದು. ಹಿಂದಿನ ಟ್ಯೂಬ್‌ಶೀಟ್ ಎರಡು ಪ್ಯಾಕಿಂಗ್‌ಗಳ ನಡುವೆ ಜಾರುತ್ತಿರುತ್ತದೆ. ಆ ಎರಡರ ನಡುವೆ ಲ್ಯಾಂಟರ್ನ್ ರಿಂಗ್ ಅಂತ ಒಂದು ಉಂಗುರ, ಅದರಲ್ಲಿ ಹೊರಗೆ ತೆರೆಯುವ ತೂತುಗಳು. ಎಣ್ಣೆ ಪ್ಯಾಕಿಂಗ್ ಹೋದರೂ ನೀರಿನ ಪ್ಯಾಕಿಂಗ್ ಹೋದರೂ ಸೋರಿದ್ದು ಒಂದಕ್ಕೊಂದು ಸೇರುವುದಿಲ್ಲ, ಆ ತೂತಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಕ್ವೆಂಚ್ ಎಣ್ಣೆಯವರಿಗೆ ಇದಕ್ಕಿಂತ ಇನ್ನೇನು ಬೇಕು? ಮಿತಿಗಳಿವೆ: ಜಾಸ್ತಿ ಒತ್ತಡಕ್ಕೆ ಆಗದು, ಪಾಸ್ ಒಂದು ಅಥವಾ ಎರಡೇ. ಟ್ಯೂಬಿನ ಮೈಯೇ ತೂತಾದರೆ ಇದೂ ಕಾಪಾಡದು. ಅದಕ್ಕೇ ಒತ್ತಡದ ಲೆಕ್ಕ ಇಟ್ಟುಕೊಳ್ಳಿ ಅಂದಿದ್ದು.

ಟ್ಯೂಬುಗಳನ್ನು ಚೌಕಾಕಾರದಲ್ಲಿ ಜೋಡಿಸಲು ಹೇಳಿ, ನಡುವೆ ಕನಿಷ್ಠ 6.4 ಮಿಲಿಮೀಟರ್ ಸಂದು ಇರಲಿ. ತ್ರಿಕೋನ ಜೋಡಣೆಯಲ್ಲಿ ಅದೇ ಷೆಲ್ಲಿಗೆ ಜಾಸ್ತಿ ಟ್ಯೂಬು ಹಿಡಿಸಬಹುದು, ತಯಾರಕರು ಅದನ್ನೇ ತಳ್ಳುತ್ತಾರೆ. ಆದರೆ ಜೆಟ್ ಒಳಸಾಲಿಗೆ ಮುಟ್ಟುವುದು ಚೌಕದಲ್ಲಿ ಮಾತ್ರ. ಮತ್ತೊಂದು, ಬಂಡಲ್ ಎಳೆಯಲು ಕೂಲರಿನ ಮುಂದೆ 3 ಮೀಟರಿಗೂ ಮಿಕ್ಕಿ ಖಾಲಿ ಜಾಗ ಬೇಕು. ಪೀಣ್ಯದ ಶೆಡ್ಡುಗಳಲ್ಲಿ ಇದನ್ನು ಮರೆತು, ಗೋಡೆಗೆ ಮೂತಿ ಮಾಡಿ ಕೂರಿಸಿದ ಕೂಲರುಗಳು ಬೇಕಾದಷ್ಟಿವೆ. ಎಳೆಯಬಹುದಾದ ಬಂಡಲ್‌ಗೆ ದುಡ್ಡು ಕೊಟ್ಟು ಎಳೆಯಲು ಆಗದ ಜಾಗದಲ್ಲಿ ಇಟ್ಟರೆ ಏನು ಬಂತು?

ಟ್ಯೂಬಿನ ಲೋಹಕ್ಕೆ ಬರೋಣ. ಆಯಿಲ್ ಕೂಲರ್ ಅಂದ ಕೂಡಲೇ ತಾಮ್ರ, ಹಿತ್ತಾಳೆ ಅನ್ನುತ್ತಾರೆ, ಶಾಖ ಚೆನ್ನಾಗಿ ದಾಟುತ್ತದೆ ಅಂತ. ನಿಮ್ಮಲ್ಲಿ ತಡೆ ಇರುವುದು ಎಣ್ಣೆಯಲ್ಲಿ, ಲೋಹದಲ್ಲಿ ಅಲ್ಲ. ಆ ಲಾಭ ನಿಮಗೆ ಸಿಗುವುದೇ ಇಲ್ಲ. ಬದಲಿಗೆ ತಾಮ್ರ ಬಿಸಿ ಎಣ್ಣೆಯನ್ನು ಬೇಗ ಆಕ್ಸಿಡೈಸ್ ಮಾಡುತ್ತದೆ. ನೀರಿನ ಕಡೆಯಿಂದ ಇನ್ನೊಂದು ಕಾರಣ ಇದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಬೆಂಗಳೂರು ಜಲಮಂಡಳಿ ಸಂಸ್ಕರಿಸಿದ ನೀರು ಬಳಸಿ ಅಂತ ಹೇಳಿತ್ತು. ಕೂಲಿಂಗ್ ಟವರಿಗೆ ಆ ನೀರು ನಡೆಯುತ್ತದೆ. ಆದರೆ ಅದರಲ್ಲಿ ಅಮೋನಿಯಾ ಉಳಿದಿದ್ದರೆ ಹಿತ್ತಾಳೆ ಟ್ಯೂಬು ಬಿರುಕು ಬಿಡುತ್ತದೆ. ನನ್ನ ಆಯ್ಕೆ 316ಎಲ್ ಸ್ಟೇನ್‌ಲೆಸ್. ಇನ್ನೊಂದು ದರ್ಜೆಯಾದ 304ಕ್ಕೆ ನೀರಿನ ಕ್ಲೋರೈಡ್ ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು ಅನ್ನುತ್ತಾರೆ. ಬೋರ್‌ವೆಲ್ಲಿನಲ್ಲಿ 150 ಇದ್ದರೂ ಟವರಿನಲ್ಲಿ ಆವಿಯಾಗಿ ಆವಿಯಾಗಿ ನಾಲ್ಕು ಪಟ್ಟಾದರೆ 600. ಸ್ಟೇನ್‌ಲೆಸ್ಸಿಗೆ ಇನ್ನೊಂದು ಭಯ, ಕ್ಲೋರೈಡ್ ಬಿರುಕು. ಅದು ಸಾಮಾನ್ಯವಾಗಿ ಲೋಹ 60 ಡಿಗ್ರಿ ದಾಟಿದ ಮೇಲೆ. ನೀರು ಹರಿಯುತ್ತಿರುವವರೆಗೆ ನಿಮ್ಮ ಟ್ಯೂಬಿನ ಮೈ 40 ಮುಟ್ಟುವುದಿಲ್ಲ. ನಿಲ್ಲಿಸಿದಾಗ ನೀರು ಡ್ರೇನ್ ಮಾಡಿ ಅಂದಿದ್ದಕ್ಕೆ ಇದೂ ಒಂದು ಕಾರಣ.

ಡೆಲಿವರಿಗೆ ಮುಂಚೆ ಎರಡೂ ಬದಿಗೆ ಬೇರೆ ಬೇರೆಯಾಗಿ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ನೋಡುವುದು) ಆಗಬೇಕು, ನಿಮ್ಮ ಕಣ್ಣೆದುರೇ. ಸಾಮಾನ್ಯವಾಗಿ ಡಿಸೈನ್ ಒತ್ತಡದ 1.3 ಪಟ್ಟು. ಟ್ಯೂಬಿನ ಮಿಲ್ ಸರ್ಟಿಫಿಕೇಟ್ ಕೇಳಿ. ಟೆಸ್ಟ್ ಆದ ಮೇಲೆ ಷೆಲ್ ಒಣಗಿಸಿ, ಬಾಯಿಗಳಿಗೆ ಮುಚ್ಚಳ ಹಾಕಿ ಕಳಿಸಲು ಹೇಳಿ.

ಪ್ಲೇಟ್ ಟೈಪ್ ಬಗ್ಗೆ ಕೇಳಿದ್ದೀರಿ. ಚಿಕ್ಕದು, ನೀರು-ನೀರಿಗೆ ಅದ್ಭುತ. ಗ್ಯಾಸ್ಕೆಟ್ ಹೋದರೆ ಹೊರಗೆ ಸೋರುತ್ತದೆ, ಎರಡು ದ್ರವ ಬೆರೆಯುವುದಿಲ್ಲ, ಅದೂ ಒಳ್ಳೆಯದೇ. ಆದರೆ ಪ್ಲೇಟುಗಳ ನಡುವಿನ ಸಂದು ಮೂರ್ನಾಲ್ಕು ಮಿಲಿಮೀಟರ್. ಮಸಿ, ಕಬ್ಬಿಣದ ಪುಡಿ ತುಂಬಿದ ಕ್ವೆಂಚ್ ಎಣ್ಣೆಗೆ ಅದು ಎಷ್ಟು ದಿನ ತೆರೆದಿರುತ್ತದೆ ಹೇಳಿ. ಫಿಲ್ಟರ್ ಚೆನ್ನಾಗಿದ್ದರೆ ಪರವಾಗಿಲ್ಲ, ನೈಟ್ರೈಲ್ ಗ್ಯಾಸ್ಕೆಟ್ ಹಾಕಿಸಬೇಕು. ಇಪಿಡಿಎಂ ರಬ್ಬರ್ ಎಣ್ಣೆಯಲ್ಲಿ ಊದಿಕೊಂಡು ಹಾಳಾಗುತ್ತದೆ. ಬ್ರೇಜ್ ಮಾಡಿದ ಪ್ಲೇಟ್ ಮಾತ್ರ ಯಾರು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ, ಅದು ತೆರೆಯುವುದೇ ಇಲ್ಲ.

ನೀವು ಕೇಳದೇ ಇದ್ದದ್ದನ್ನೂ ಹೇಳಿಬಿಡುತ್ತೇನೆ. ನೀರೇ ಇಲ್ಲದ ಏರ್ ಕೂಲರ್ ಸಾಧ್ಯವಾ ಅಂತ ಒಮ್ಮೆ ನೋಡಿ. ಬೆಂಗಳೂರಿನ ಬೇಸಿಗೆಯಲ್ಲೂ ಗಾಳಿಗೂ 70 ಡಿಗ್ರಿ ಎಣ್ಣೆಗೂ 30 ಡಿಗ್ರಿಗಿಂತ ಜಾಸ್ತಿ ಅಂತರ ಸಿಗುತ್ತದೆ. ದೊಡ್ಡದಾಗಿರುತ್ತದೆ, ಫ್ಯಾನ್ ಕರೆಂಟ್ ತಿನ್ನುತ್ತದೆ, ಫಿನ್ನುಗಳಿಗೆ ಧೂಳು ಹಿಡಿಯುತ್ತದೆ. ಆದರೆ ನೀರು ಎಣ್ಣೆಗೆ ಬರುವ ಪ್ರಶ್ನೆಯೇ ಇಲ್ಲ. ಮುಂದೆಂದಾದರೂ ಮಾರ್‌ಕ್ವೆಂಚಿಂಗ್ ಶುರು ಮಾಡಿ ಎಣ್ಣೆಯನ್ನು 120–150 ಡಿಗ್ರಿಯಲ್ಲಿ ಇಡುವ ಯೋಚನೆ ಇದ್ದರೆ ಆಗ ಇದೊಂದೇ ದಾರಿ. ಅಷ್ಟು ಬಿಸಿ ಎಣ್ಣೆಯ ಪಕ್ಕ ನೀರು ನಿಲ್ಲಿಸಬಾರದು. ಬೇರೆ ಮೆಷಿನ್ನುಗಳಿಗೂ ಅದೇ ಟವರ್ ಬೇಕಾಗಿದ್ದರೆ ಮಾತ್ರ ನಾನು ಎ-ಇ-ಡಬ್ಲ್ಯುಗೆ ಹೋಗುತ್ತೇನೆ.

ಹಾಕಿದ ಮೇಲೆ

ಒಂದು ಪುಸ್ತಕ ಇಡಿ. ದಿನಕ್ಕೊಮ್ಮೆ, ಚಾರ್ಜ್ ಇಳಿಸಿದ ಕಾಲು ಗಂಟೆಗೆ, ನಾಲ್ಕು ತಾಪಮಾನ ಬರೆಯಿಸಿ. ಎಣ್ಣೆ ಎಷ್ಟು ಇಳಿಯಿತು ಅನ್ನುವುದನ್ನು, ಒಳಗೆ ಬರುವ ಎಣ್ಣೆ ಮತ್ತು ಒಳಗೆ ಬರುವ ನೀರಿನ ಅಂತರದಿಂದ ಭಾಗಿಸಿ. ಹೊಸದರಲ್ಲಿ 10ನ್ನು 38ರಿಂದ ಭಾಗಿಸಿದರೆ 0.26. ಚಳಿಗಾಲಕ್ಕೂ ಬೇಸಿಗೆಗೂ ಈ ಅಂಕಿ ಹೆಚ್ಚೇನೂ ಬದಲಾಗದು. ನಿಮ್ಮ ಈಗಿನದ್ದು 4 ಭಾಗಿಸು 53, ಅಂದರೆ 0.08ಕ್ಕೂ ಕಡಿಮೆ. ಹೊಸದು 0.17ಕ್ಕೆ ಬಂದಾಗಲೇ ಬಂಡಲ್ ಎಳೆದು ತೊಳೆದರೆ ಮತ್ತೆ ಇಲ್ಲಿಯವರೆಗೆ ಬರುವುದಿಲ್ಲ.

ನೀರಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸುತ್ತಿದ್ದರೆ ಪ್ರತಿ ಟ್ಯಾಂಕರಿನ ಗಡಸುತನ ಬೇರೆ. ಒಂದು ಟೆಸ್ಟ್ ಕಿಟ್ ಇಟ್ಟುಕೊಳ್ಳಿ. ಟವರಿನಿಂದ ಆವಿಯಾದಷ್ಟರ ಅರ್ಧ ನೀರನ್ನು ಬ್ಲೋಡೌನ್ ಆಗಿ ಹೊರಗೆ ಬಿಟ್ಟರೆ ಉಪ್ಪು ಮೂರು ಪಟ್ಟಿಗೆ ನಿಲ್ಲುತ್ತದೆ. ನಿಮಗೆ ಗಂಟೆಗೆ 40 ಲೀಟರ್ ಸಾಕು. ಸಾಫ್ಟ್‌ನರ್ ಹಾಕಿದರೆ ಒಳ್ಳೆಯದು. ಪೈಪಿಗೆ ಆಯಸ್ಕಾಂತ ಕಟ್ಟಿ ಸುಣ್ಣ ತಡೆಯುತ್ತೇವೆ ಅನ್ನುವವರಿಗೆ ನಾನಾದರೆ ದುಡ್ಡು ಕೊಡುವುದಿಲ್ಲ.

ಹಳೇ ಕೂಲರನ್ನು ಸ್ಪೇರ್ ಅಂತ ಮೂಲೆಯಲ್ಲಿ ಇಡುವ ಆಸೆ ಬರುತ್ತದೆ. ಬೇಡ, ಆಸಿಡ್ಡಿಗೆ ಸವೆದ ಟ್ಯೂಬುಗಳು ಅವು. ಗುಜರಿಗೆ ಹಾಕುವ ಮುಂಚೆ ಷೆಲ್ಲನ್ನು ಉದ್ದಕ್ಕೆ ಸೀಳಿಸಿ ಜಿಡ್ಡು ಎಲ್ಲೆಲ್ಲಿ ಕೂತಿದೆ ಅಂತ ಫೋಟೋ ತೆಗೆದುಕೊಳ್ಳಿ. ಹೊಸದರ ಬ್ಯಾಫಲ್ ಎಲ್ಲಿಡಬೇಕು ಅಂತ ಮಾತಾಡುವಾಗ ತಯಾರಕರಿಗೆ ಅದನ್ನು ತೋರಿಸಿ. ಸೀಳುವಾಗ ಗ್ಯಾಸ್ ಕಟರ್ ಹಚ್ಚಲು ಬಿಡಬೇಡಿ, ಒಳಗೆ ಹತ್ತು ವರ್ಷದ ಎಣ್ಣೆ ಇದೆ. ಮೊದಲು ಎಣ್ಣೆ ಖಾಲಿ ಮಾಡಿ ಚೆನ್ನಾಗಿ ತೊಳೆಸಿ, ಗರಗಸದಲ್ಲಿ ನಿಧಾನಕ್ಕೆ ಕತ್ತರಿಸಲು ಹೇಳಿ.